ಮೊದಲೆರಡು ಹೆಸರುಗಳ ನಡುವೆ

ಆ ಪಟ್ಟಿ ಈಗಲೂ ಇಂಟರ್‌ನೆಟ್ಟಿನಲ್ಲಿದೆ. ಆಸ್ಟ್ರೇಲಿಯಾದ ವೃತ್ತಿಪರ ಬೇಸ್‌ಬಾಲ್ ಲೀಗಿನ ಒಂದು ಹಳೆಯ ಸೀಸನ್ನಿನಲ್ಲಿ ಯಾರು ಎಷ್ಟು ಚೆನ್ನಾಗಿ ಹೊಡೆದರು ಎಂಬ ಪಟ್ಟಿ. ಅದನ್ನು ಈಗ ಯಾರೂ ನೋಡುವುದಿಲ್ಲ, ನಾನು ನೋಡುತ್ತೇನೆ. ಮೊದಲನೆಯ ಹೆಸರು ಮೆಲ್ಬರ್ನ್ ತಂಡದ ಒಬ್ಬ ಎಡಗೈ ಆಟಗಾರನದು. ಎರಡನೆಯದು ನಮ್ಮ ಸಿಡ್ನಿಯವನದು. ಇಬ್ಬರ ಸರಾಸರಿಗೂ ದಶಾಂಶದ ಮೂರನೆಯ ಸ್ಥಾನದಲ್ಲಿ ಮಾತ್ರ ವ್ಯತ್ಯಾಸ, ಮತ್ತು ಆ ವ್ಯತ್ಯಾಸಕ್ಕೆ ಕಾರಣ ಒಂದೇ ಒಂದು ಚೆಂಡು. ಆ ಚೆಂಡಿನ ತೀರ್ಪು ಕೊಟ್ಟವರ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಒಮ್ಮೆ ಬರೆದಿದ್ದೆ, ಲೀಗಿನ ಕಚೇರಿಗೆ, ದೂರಿನ ರೂಪದಲ್ಲಿ. ಅದರಿಂದ ಅವರು ವರ್ಷಾನುಗಟ್ಟಲೆ ಕೂತಿದ್ದ ಕುರ್ಚಿ ಹೋಯಿತು. ಹೋದ ತಿಂಗಳು ಮೆಲ್ಬರ್ನಿನಿಂದ ಅವರ ತಂಗಿ ಫೋನ್ ಮಾಡಿ, ಅಣ್ಣ ತೀರಿಕೊಂಡರು ಎಂದಾಗ ನಾನು ಮಾಡಿದ ಮೊದಲ ಕೆಲಸ ಈ ಪಟ್ಟಿಯನ್ನು ತೆರೆದದ್ದು.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸಿಡ್ನಿಯ ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಅಭ್ಯಾಸ ಮನೆಗೂ ಬಂದಿದೆ. ಅಂಗಡಿಯವನು ಹಾಲಿನ ಕ್ಯಾನನ್ನು ಮುಂದಕ್ಕೆ ಜೋಡಿಸಿಟ್ಟಿದ್ದರೆ ನಾನು ಹಿಂದಿನದಕ್ಕೆ ಕೈ ಹಾಕುತ್ತೇನೆ. ಗಂಡ ಕೇಳದೆ ಪಾತ್ರೆ ತೊಳೆದರೆ, ಏನೋ ನಡೆದಿದೆ ಎಂದು ತಿಳಿಯುತ್ತೇನೆ. ತುಮಕೂರಿನಲ್ಲಿ ನಮ್ಮಮ್ಮ ಇದನ್ನು ಚುರುಕು ಎನ್ನುತ್ತಿದ್ದಳು. ಇಲ್ಲೇ ಕ್ವೇಕರ್ಸ್ ಹಿಲ್ಲಿನಲ್ಲಿ ಹುಟ್ಟಿ ಬೆಳೆದ ಮಗಳು ಇದಕ್ಕೆ ಹೆಸರೇ ಇಡುವುದಿಲ್ಲ. "ಅಮ್ಮಾ, ಯು ಆರ್ ಡೂಯಿಂಗ್ ಇಟ್ ಅಗೇನ್" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ನಾನು ಬೇಸ್‌ಬಾಲಿಗೆ ಬಂದದ್ದು ಅವಳಿಂದಲೇ. ಅವಳು ಶಾಲೆಯಲ್ಲಿ ಬೇಸ್‌ಬಾಲಿನದೇ ಇನ್ನೊಂದು ರೂಪವಾದ ಸಾಫ್ಟ್‌ಬಾಲ್ ಆಡುತ್ತಿದ್ದಾಗ ಅಪ್ಪ ಅಮ್ಮಂದಿರು ಏನಾದರೂ ಒಂದು ಕೆಲಸ ಹಿಡಿಯಬೇಕಿತ್ತು. ಬಿಸಿಲಲ್ಲಿ ಓಡಾಡದೆ ಕೂತು ಮಾಡುವ ಕೆಲಸ ಸ್ಕೋರ್ ಬರೆಯುವುದೊಂದೇ. ಬರೆಯುತ್ತಾ ಬರೆಯುತ್ತಾ ರುಚಿ ಹತ್ತಿತು. ಮಗಳು ಆಟ ಬಿಟ್ಟಳು, ನಾನು ಬಿಡಲಿಲ್ಲ. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಮೈದಾನದಲ್ಲಿ ಸಿಡ್ನಿಯ ವೃತ್ತಿಪರ ತಂಡದ ಪಂದ್ಯಗಳು ನಡೆಯುತ್ತಿದ್ದವು. ಅಲ್ಲಿ ಅಧಿಕೃತ ಸ್ಕೋರರ್ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಕಂಪ್ಯೂಟರಿಗೆ ತುಂಬುವವರು ಬೇಕಾಗಿದ್ದರು. ಹೋದೆ. ಆ ಅಧಿಕೃತ ಸ್ಕೋರರ್ ಇವರು.

ಬಿಳಿಯ ಮುದುಕನೊಬ್ಬನನ್ನು ನಿರೀಕ್ಷಿಸಿ ಮರದ ಮೆಟ್ಟಿಲು ಹತ್ತಿದ ನನಗೆ ಸ್ಕೋರರುಗಳು ಕೂರುವ ಬಾಕ್ಸಿನಲ್ಲಿ ಕಂಡದ್ದು ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹಣೆಗೆ ಇಳಿದ ಟೋಪಿ, ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ. ನಾನು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ ಕೂಡಲೇ ಅವರು ಕಿವಿಯನ್ನು ನನ್ನ ಕಡೆಗೆ ತಿರುಗಿಸಿ, "ನೀವು ತುಮಕೂರು ಕಡೆಯವರಾ?" ಎಂದು ಕನ್ನಡದಲ್ಲಿ ಕೇಳಿದರು.

"ಹೌದು. ಹೆಂಗ್ ಗೊತ್ತಾಯ್ತು?"

"ಇಂಗ್ಲಿಷ್ ಮಾತಾಡಿದ್ರೂ ಊರು ಎಲ್ಲಿಗೆ ಹೋಗ್ತದೆ. ಕೂತ್ಕೊಳ್ಳಿ. ಅವಲಕ್ಕಿ ತಿಂತೀರಾ?"

ನನಗೆ ಮೊದಲ ಗುಮಾನಿ ಹುಟ್ಟಿದ್ದು ಅಲ್ಲೇ. ನನ್ನ ಬಗ್ಗೆ ಯಾರೋ ಮೊದಲೇ ಹೇಳಿದ್ದಾರೆ, ಇವರು ಮಂತ್ರವಾದಿಯ ಹಾಗೆ ಆಟ ಕಟ್ಟುತ್ತಿದ್ದಾರೆ ಎಂದುಕೊಂಡೆ. ಅವಲಕ್ಕಿ ಮಾತ್ರ ತಿಂದೆ.

ಉಡುಪಿ ಕಡೆಯವರು, ಮನೆಮಾತು ತುಳು. ಓದಲು ಮೆಲ್ಬರ್ನಿಗೆ ಬಂದವರು, ಆಮೇಲೆ ಸಿಡ್ನಿಗೆ ಬಂದು ಕಟ್ಟಡಗಳ ನಕ್ಷೆ ಬಿಡಿಸುವ ಕಚೇರಿಯಲ್ಲಿ ಬಹಳ ವರ್ಷ ಇದ್ದರು. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಸ್ಕೋಫೀಲ್ಡ್ಸಿನಲ್ಲಿ ಒಂದು ಸಣ್ಣ ಮನೆ. ಕೆಲಸವನ್ನು ನಿವೃತ್ತಿಗೆ ಇನ್ನೂ ಎಷ್ಟೋ ವರ್ಷ ಇರುವಾಗಲೇ ಬಿಟ್ಟಿದ್ದರು. ಮಾರ್ಟ್‌ಗೇಜ್ ಇರುವ ಊರಿನಲ್ಲಿ ಯಾರೂ ಹಾಗೆ ಸುಮ್ಮನೆ ಕೆಲಸ ಬಿಡುವುದಿಲ್ಲ. ಬಿಡಿಸಿರಬೇಕು ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಸ್ಕೋಫೀಲ್ಡ್ಸಿನಂಥ ಜಾಗದಲ್ಲಿ ಕಾರಿಲ್ಲದೆ ಬದುಕುತ್ತಿದ್ದರು. ಅದಕ್ಕೂ ಒಂದು ಗುರುತು. ಟ್ರೇನಿನಲ್ಲಿ ಕ್ವೇಕರ್ಸ್ ಹಿಲ್ಲಿಗೆ ಬರುವರು, ಅಲ್ಲಿಂದ ನನ್ನ ಕಾರು. ಪ್ಲಾಟ್‌ಫಾರ್ಮಿನ ಹೊರಗೆ ನಾನು ಹಾರ್ನ್ ಮಾಡುವವರೆಗೆ ಎದುರಿಗಿದ್ದರೂ ಗುರುತು ಹಿಡಿಯದವರ ಹಾಗೆ ನಿಂತಿರುತ್ತಿದ್ದರು. ಜಂಭ ಎಂದುಕೊಂಡೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅವರ ನೋಟ. ಅವರು ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮಾತಾಡುವಾಗ ನಿಮ್ಮ ಭುಜದಾಚೆ ಇನ್ಯಾರೋ ನಿಂತಿದ್ದಾರೆ ಎಂಬಂತೆ ಮುಖ ಒಂದಿಷ್ಟು ವಾರೆಯಾಗಿರುತ್ತಿತ್ತು. ಕಣ್ಣಿಗೆ ಕಣ್ಣು ಕೊಡದ ಮನುಷ್ಯನನ್ನು ನಂಬಬಾರದೆಂದು ಕಲಿತು ಬೆಳೆದವಳು ನಾನು. ಆಟವನ್ನೂ ಅವರು ಹಾಗೇ ವಾರೆಯಾಗಿ ನೋಡುತ್ತಿದ್ದರು. ಪುಸ್ತಕದಲ್ಲಿ ಬರೆಯುವುದು ಬಡಗಿಯ ಪೆನ್ಸಿಲಿನಿಂದ, ದಪ್ಪವಾಗಿ, ಕಪ್ಪಗೆ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ. ನಕ್ಷೆ ಬಿಡಿಸಿದ ಕೈ ಇಷ್ಟು ಒರಟಾಗಿ ಬರೆಯುವುದೇ ಎಂದು ಸೋಜಿಗಪಡುತ್ತಿದ್ದೆ.

ಆದರೆ ಅವರಿಗೆ ಆಟ ಗೊತ್ತಿತ್ತು. ಅದನ್ನು ಒಪ್ಪದಿದ್ದರೆ ಸುಳ್ಳಾಗುತ್ತದೆ. ಒಂದು ದಿನ ಮಳೆಗೆ ಆಟ ನಿಂತಿದ್ದಾಗ ನಾನು, "ಕ್ರಿಕೆಟ್ ಬಿಟ್ಟು ಇದಕ್ಯಾಕೆ ಬಂದ್ರಿ?" ಎಂದು ಕೇಳಿದೆ.

"ಕ್ರಿಕೆಟ್‌ನಲ್ಲಿ ಸ್ಕೋರರ್ ಅಂದ್ರೆ ಗುಮಾಸ್ತ ಮಾರಾಯ್ರೆ. ಆದದ್ದನ್ನು ಬರೆಯುವುದು, ಮನೆಗೆ ಹೋಗುವುದು. ಇಲ್ಲಿ ಹಾಗಲ್ಲ. ಬ್ಯಾಟ್ಸ್‌ಮನ್ ಹೊಡೆದ, ಓಡಿ ಫಸ್ಟ್ ಬೇಸ್ ಮುಟ್ಟಿದ. ಸರಿ. ಆದ್ರೆ ಯಾಕೆ ಮುಟ್ಟಿದ? ಅವನು ಚೆನ್ನಾಗಿ ಹೊಡೆದದ್ದಕ್ಕಾ, ಫೀಲ್ಡರ್ ಕೈಗೆ ಬಂದದ್ದನ್ನು ಬಿಟ್ಟದ್ದಕ್ಕಾ? ಒಳ್ಳೆ ಹೊಡೆತ ಅಂದ್ರೆ ಹಿಟ್. ಫೀಲ್ಡರ್ ತಪ್ಪು ಅಂದ್ರೆ ಎರರ್. ಎರರ್ ಆದ್ರೆ ಹೊಡೆದವನ ಲೆಕ್ಕದಲ್ಲಿ ಅವನು ಔಟ್ ಆದ ಹಾಗೆಯೇ, ಸರಾಸರಿ ಇಳೀತದೆ. ಅಂಪೈರ್ ಇದನ್ನು ಹೇಳುವುದಿಲ್ಲ. ಇದು ನಮ್ಮದು."

"ಅಂದ್ರೆ ನೀವು ಜಡ್ಜ್."

"ಸಂಬಳ ಇಲ್ಲದ ಜಡ್ಜ್. ಡಬ್ಬಿಯಲ್ಲಿ ಅವಲಕ್ಕಿ ತರುವ ಜಡ್ಜ್."

ಅವರು ತೀರ್ಪು ಕೊಡುವುದಕ್ಕೆ ಒಂದು ಪದ್ಧತಿ ಇತ್ತು. ಬ್ಯಾಟಿಗೆ ಚೆಂಡು ತಗುಲಿದ ಕೂಡಲೇ ಎಡಗೈ ಎತ್ತಿ ನನ್ನನ್ನು ಸುಮ್ಮನಿರಿಸುವರು. ಕೇಳುವರು, ನಿಜವಾಗಿಯೂ ಕಿವಿಯಿಂದ. "ಗಟ್ಟಿ ಶಬ್ದ" ಅಥವಾ "ಟೊಳ್ಳು" ಎಂದು ತಮಗೆ ತಾವೇ ಹೇಳಿಕೊಳ್ಳುವರು. ಕಷ್ಟದ ಚೆಂಡಾದರೆ ಕೈ ಇಳಿಸಿ ನನ್ನನ್ನು ಕೇಳುವರು, "ನಿಮಗೆ ಎಂತ ಕಂಡಿತು?" ನಾನು ಏನಾದರೂ ಹೇಳುವೆ. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು ಮೈಕಿನಲ್ಲಿ ಹಿಟ್ ಎಂದೋ ಎರರ್ ಎಂದೋ ಘೋಷಿಸುವರು. ನನ್ನನ್ನು ಕೇಳುವುದು ಬರೀ ದಾಕ್ಷಿಣ್ಯ, ಇಲ್ಲವೇ ಹೊಸಬಳನ್ನು ಪರೀಕ್ಷಿಸುವ ಮೇಷ್ಟರ ಚಟ ಎಂದು ನಾನು ತಿಳಿದಿದ್ದೆ. ಎರಡು ಸೀಸನ್ ಹಾಗೇ ಕಳೆಯಿತು. ನನ್ನ ಉತ್ತರ ಮತ್ತು ಅವರ ತೀರ್ಪು ಹೆಚ್ಚುಕಡಿಮೆ ಯಾವಾಗಲೂ ಒಂದೇ ಆಗುತ್ತಿತ್ತು. ನನಗೆ ಆಟ ಅಷ್ಟು ಬೇಗ ಬಂತಲ್ಲ ಎಂದು ಹೆಮ್ಮೆಪಟ್ಟೆ. ತಪ್ಪು ಹುಡುಕುವ ಹೆಂಗಸಿಗೆ ಅಲ್ಲಿ ಮಾತ್ರ ಅನುಮಾನ ಬರಲಿಲ್ಲ.

ಮೂರನೆಯ ಸೀಸನ್ನಿನಲ್ಲಿ ಆ ಇಬ್ಬರು ಹಿಟ್ಟರುಗಳ ಪೈಪೋಟಿ ಶುರುವಾಯಿತು. ಒಂದು ವಾರ ಮೆಲ್ಬರ್ನಿನ ಎಡಗೈಯವನು ಮುಂದೆ, ಇನ್ನೊಂದು ವಾರ ನಮ್ಮವನು. ನಮ್ಮವನು ಹಗಲು ಛಾವಣಿ ದುರಸ್ತಿ ಮಾಡಿಕೊಂಡು ಸಂಜೆ ಆಡುತ್ತಿದ್ದ ಹುಡುಗ. ಪಟ್ಟಿಯ ತುದಿಯಲ್ಲಿ ಸೀಸನ್ ಮುಗಿಸಿದರೆ ಅಮೆರಿಕದ ತಂಡವೊಂದು ಅವನನ್ನು ಕರೆದು ನೋಡಬಹುದು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಪ್ರತಿ ವಾರ ಮನೆಗೆ ಹೋಗಿ ನಾನೇ ಇಬ್ಬರ ಸರಾಸರಿ ತೆಗೆದು ನೋಡುತ್ತಿದ್ದೆ.

ಅದೇ ಸೀಸನ್ನಿನಲ್ಲಿ ಇವರು ಪದೇ ಪದೇ ಮೆಲ್ಬರ್ನಿಗೆ ಹೋಗತೊಡಗಿದರು. ತಿಂಗಳಿಗೊಮ್ಮೆ, ವಾರದ ಮಧ್ಯೆ. ಕೇಳಿದರೆ, "ತಂಗಿ ಮನೆ" ಎನ್ನುವರು. ಎಂದೂ ಇಲ್ಲದ ತಂಗಿ ಪ್ರೀತಿ ಈಗೆಲ್ಲಿಂದ ಬಂತು ಎಂದು ನನ್ನ ಗುಮಾನಿ. "ಯಾವಾಗ ಬುಕ್ ಮಾಡಿದ್ರಿ, ಯಾವ ಫ್ಲೈಟು?" ಎಂದರೆ ಮಾತು ಬದಲಿಸುವರು.

ಕೊನೆಯ ಪಂದ್ಯಗಳಿಗೆ ಮೆಲ್ಬರ್ನ್ ತಂಡವೇ ನಮ್ಮ ಮೈದಾನಕ್ಕೆ ಬಂತು. ಕೊನೆಯ ದಿನ ಭಾನುವಾರ, ಮಧ್ಯಾಹ್ನದ ಆಟ. ನಾನು ಬೇಗ ಬಂದಿದ್ದೆ. ಮೇಲಿನಿಂದ ನೋಡಿದರೆ, ಬೇಲಿಯ ಹತ್ತಿರ ಇವರು ಮತ್ತು ಆ ಎಡಗೈಯವನು ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದಾರೆ. ಅವನು ಬೆರಳಿನಿಂದ ಗಾಳಿಯಲ್ಲಿ ಏನೋ ಗೆರೆ ಎಳೆದು ತೋರಿಸುತ್ತಿದ್ದ. ಇವರು ತಲೆಯಾಡಿಸಿ ಅವನ ತೋಳು ತಟ್ಟಿದರು. ಮೆಟ್ಟಿಲು ಹತ್ತಿ ಬಂದಾಗ, "ಏನ್ ಸರ್, ಮೆಲ್ಬರ್ನ್ ಫ್ರೆಂಡಾ?" ಎಂದೆ.

"ಸುಮ್ನೆ ಒಂದು ವಿಷಯ ಕೇಳಿದ್ದು" ಎಂದರು, ನನ್ನ ಭುಜದಾಚೆ ನೋಡುತ್ತಾ.

ಅವತ್ತು ಆ ಎಡಗೈಯವನು ಆಡಲೇ ಇಲ್ಲ. ಅವನು ಕೂದಲೆಳೆಯಷ್ಟು ಮುಂದಿದ್ದ. ಆಡಿದರೆ ಸರಾಸರಿ ಇಳಿಯಬಹುದು, ಆಡದಿದ್ದರೆ ಇಳಿಯುವುದಿಲ್ಲ. ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಉಗುಳುತ್ತಾ ಪಟ್ಟಿಯ ತುದಿಯನ್ನು ಕಾಯುತ್ತಿದ್ದ. ಆಟದಲ್ಲಿ ಇದು ಹಳೆಯ ಪದ್ಧತಿ, ತಪ್ಪೇನಲ್ಲವಂತೆ. ನನಗೆ ಮೈ ಉರಿಯಿತು. ನಮ್ಮವನಿಗೆ ಇನ್ನು ಒಂದು ಹಿಟ್ ಸಿಕ್ಕರೆ ಸಾಕಿತ್ತು.

ಅವನ ಕೊನೆಯ ಸರದಿ ಬಂತು. ಆ ಹೊತ್ತಿಗೆ ಸರಿಯಾಗಿ ಮೆಲ್ಬರ್ನಿನವರು ಇಬ್ಬರು ಆಟಗಾರರನ್ನು ಬದಲಿಸಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಆ ಹೆಸರುಗಳನ್ನು ತುಂಬುತ್ತಿದ್ದೆ. ಬ್ಯಾಟಿನ ಶಬ್ದ ಕೇಳಿತು. ತಲೆ ಎತ್ತುವಷ್ಟರಲ್ಲಿ ಚೆಂಡು ತರ್ಡ್ ಬೇಸ್ ಕಾಯುವ ಫೀಲ್ಡರನ ಗ್ಲೋವಿನಿಂದ ಪಕ್ಕಕ್ಕೆ ಉರುಳುತ್ತಿತ್ತು, ನಮ್ಮವನು ಓಡಿ ಬೇಸ್ ಮುಟ್ಟಿದ್ದ. ನಾನು ಮತ್ತೆ ಕೀಬೋರ್ಡಿಗೆ ತಲೆ ಬಗ್ಗಿಸಿದೆ. ಎಡಗೈ ಇಳಿಸಿ ಅವರು ಎಂದಿನಂತೆ ಕೇಳಿದರು, "ಎಂತ ಕಂಡಿತು?" ನಾನು ಎಂದಿನಂತೆ ಏನೋ ಹೇಳಿದೆ. ಒಂದು ಗಳಿಗೆ ಬಿಟ್ಟು ಅವರು ಮೈಕಿನಲ್ಲಿ ಹೇಳಿದರು: "ಎರರ್, ತರ್ಡ್ ಬೇಸ್."

ಮೈದಾನದ ಬೋರ್ಡಿನಲ್ಲಿ ಅದು ಮೂಡಿದಾಗ ಕೆಳಗಿನಿಂದ ಬಂದ ಗದ್ದಲ ನನಗೆ ಈಗಲೂ ನೆನಪಿದೆ. ನಮ್ಮವನು ಬೇಸಿನ ಮೇಲೆ ನಿಂತು ಮೇಲಕ್ಕೆ, ನಮ್ಮ ಕಿಟಕಿಯ ಕಡೆಗೆ ನೋಡಿದ. ನಾನೂ ಇವರನ್ನು ನೋಡಿದೆ. ಅವರು ಬಡಗಿಯ ಪೆನ್ಸಿಲಿನಲ್ಲಿ ಆ ಚೌಕದೊಳಗೆ ದಪ್ಪವಾಗಿ 'ಇ5' ಎಂದು ಬರೆಯುತ್ತಿದ್ದರು. ಇ ಅಂದರೆ ಎರರ್, ಐದು ಅಂದರೆ ತರ್ಡ್ ಬೇಸಿನವನ ಸಂಖ್ಯೆ. ಸೀಸನ್ ಮುಗಿಯಿತು. ಮೆಲ್ಬರ್ನಿನವನು ಮೊದಲಿಗ.

ಆಟ ಮುಗಿದ ಮೇಲೆ ನಾನು ಆ ಚೆಂಡಿನ ವಿಡಿಯೋ ತೆಗೆದು ನಿಧಾನಗತಿಯಲ್ಲಿ ನೋಡಿದೆ. ಚೆಂಡು ಹುಲ್ಲು ಮುಗಿದು ಮಣ್ಣು ಶುರುವಾಗುವ ಅಂಚಿಗೆ ಬಡಿದು ಸಟ್ಟನೆ ಎದೆಯೆತ್ತರಕ್ಕೆ ಹಾರಿತ್ತು. ಅದನ್ನು ಯಾವ ಫೀಲ್ಡರೂ ಹಿಡಿಯುವಂತಿರಲಿಲ್ಲ. ಹಿಟ್, ಎರಡು ಮಾತಿಲ್ಲ. ಅಧಿಕೃತ ಸ್ಕೋರರ್ ತನ್ನ ತೀರ್ಪನ್ನು ಒಂದು ದಿನದೊಳಗೆ ಬದಲಿಸಬಹುದು, ನಿಯಮವಿದೆ. ಲ್ಯಾಪ್‌ಟಾಪನ್ನು ಅವರ ಮುಖದ ಮುಂದೆ ಹಿಡಿದೆ.

"ನೋಡಿ ಸರ್. ಬ್ಯಾಡ್ ಹಾಪ್, ಚೆಂಡು ಅಡ್ಡಾದಿಡ್ಡಿ ಪುಟಿದಿದೆ. ಚೇಂಜ್ ಮಾಡಿ, ಇನ್ನೂ ಟೈಮ್ ಇದೆ."

ಅವರು ಮುಖ ಪಕ್ಕಕ್ಕೆ ತಿರುಗಿಸಿದರು. "ಬೇಡ."

"ಒಂದ್ಸಲ ನೋಡೋಕೇನ್ ಕಷ್ಟ?"

"ಆಗ ಒಂದು ಹೇಳಿದ್ರಿ. ಈಗ ಒಂದು ಹೇಳ್ತೀರಿ."

"ನಾನೇನ್ ಹೇಳ್ದೆ? ಡಿಸಿಷನ್ ನಿಮ್ದು. ನನ್ ತಲೆಗೆ ಕಟ್ಬೇಡಿ."

ಅವರು ಪುಸ್ತಕ ಮುಚ್ಚಿ, ಅವಲಕ್ಕಿ ಡಬ್ಬಿಯನ್ನು ಚೀಲಕ್ಕೆ ಹಾಕಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅವತ್ತು ನನ್ನ ಕಾರು ಹತ್ತಲಿಲ್ಲ.

ನೀವೇ ಹೇಳಿ, ಯಾರಿಗಾದರೂ ಏನನ್ನಿಸಬೇಕು? ಮೆಲ್ಬರ್ನಿಗೆ ಓಡಾಟ, ಬೇಲಿಯ ಬಳಿ ಗುಸುಗುಸು, ಕಣ್ಣೆದುರಿಗಿದ್ದ ವಿಡಿಯೋ ನೋಡಲು ನಿರಾಕರಣೆ. ಟೆಸ್ಟರ್ ಕೆಲಸದಲ್ಲಿ ಇಷ್ಟು ಸಿಕ್ಕರೆ ನಾವು ಬೇರೆ ಪುರಾವೆ ಕೇಳುವುದಿಲ್ಲ. ಮಾರನೆಯ ದಿನ ಊಟದ ವಿರಾಮದಲ್ಲಿ ಪ್ಯಾರಮಟ್ಟಾದ ಆಫೀಸಿನಲ್ಲೇ ಕೂತು ಲೀಗಿಗೆ ಇಮೇಲ್ ಬರೆದೆ. ಅದು ಬ್ಯಾಡ್ ಹಾಪ್, ಚೆಂಡು ಗ್ಲೋವಿಗೆ ನೇರವಾಗಿ ಬರಲೇ ಇಲ್ಲ, ಅದು ಸ್ಪಷ್ಟವಾಗಿ ಕಾಣುತ್ತಿತ್ತು, ಸ್ಕೋರರ್ ಆಟಕ್ಕೆ ಮೊದಲು ಬೇಲಿಯ ಬಳಿ ಮಾತಾಡಿದ ಮೆಲ್ಬರ್ನ್ ಆಟಗಾರನಿಗೆ ಹತ್ತಿರದವರೆಂಬ ಸಂಶಯವಿದೆ ಎಂದು ಅವರ ಹೆಸರು ಹಾಕಿಯೇ ಬರೆದೆ. ಲೀಗಿನವರು ಅದನ್ನು ಓದುವ ಹೊತ್ತಿಗೆ ತೀರ್ಪು ಬದಲಿಸುವ ಗಡುವು ಮುಗಿದಿತ್ತು. ಆದರೆ ಇವರನ್ನು ಕರೆದು ವಿಚಾರಿಸಿದರು. ಇವರು ಹೇಳಿದ್ದು ಇಷ್ಟೇ ಅಂತೆ: ತೀರ್ಪು ನನ್ನದು, ಕುರ್ಚಿ ನಿಮ್ಮದು, ತಗೊಳ್ಳಿ. ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ. ಮೆಲ್ಬರ್ನಿಗೆ ತಂಗಿಯ ಮನೆಗೆ ಹೋಗಿಬಿಟ್ಟರು ಎಂದು ಸುದ್ದಿ ಬಂತು. ನೋಡಿದೆಯಾ, ಮೆಲ್ಬರ್ನ್, ಎಂದೆ ನಾನು ಗಂಡನಿಗೆ. ಅವನು, "ನೋಡ್ದೆ ಮಾರಾಯ್ತಿ" ಎಂದು ಪಾತ್ರೆ ತೊಳೆಯಲು ಹೋದ.

ಖಾಲಿಯಾದ ಕುರ್ಚಿಗೆ ನನ್ನನ್ನೇ ಕೂರಿಸಿದರು.

ಆ ಕುರ್ಚಿ ನನಗೆ ಬುದ್ಧಿ ಕಲಿಸಿತು. ಚೆಂಡು ಅಷ್ಟು ವೇಗವಾಗಿ ಬರುತ್ತದೆ, ತೀರ್ಪು ಅಷ್ಟು ಬೇಗ ಕೊಡಬೇಕು, ಕಣ್ಣು ಮಿಟುಕಿಸಿದರೆ ಮುಗಿಯಿತು. ಪಕ್ಕದ ನನ್ನ ಹಳೆಯ ಜಾಗದಲ್ಲಿ ಈಗ ಕೂತ ಹುಡುಗಿಯನ್ನು ಕೇಳೋಣವೆನ್ನಿಸುತ್ತಿತ್ತು. ಕೇಳಿದರೆ ಅವಳು ಸ್ಕ್ರೀನಿನಿಂದ ತಲೆ ಎತ್ತದೆಯೇ "ಹಿಟ್ ಅನ್ಸುತ್ತೆ" ಎನ್ನುವಳು. ಒಂದು ದಿನ ಹಾಗೆ ಅವಳು ಹೇಳಿದಾಗ ನನ್ನನ್ನೇ ಕೇಳಿಕೊಂಡೆ. ಆ ಭಾನುವಾರ ನಾನು ಏನು ಹೇಳಿದ್ದೆ? ನೆನಪಾಗಲಿಲ್ಲ. ನೆನಪಾಗದಿರುವುದೇ ನನಗೆ ಅನುಮಾನ ತಂದಿತು, ಮೊದಲ ಬಾರಿಗೆ ನನ್ನ ಮೇಲೆ. ಎರಡು ಸೀಸನ್ ಕೂತು ಕುರ್ಚಿ ಬಿಟ್ಟೆ.

ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗುವ ಸಂದರ್ಭ ಬಂದಾಗ ಪರಿಚಯದ ತುಳುವರೊಬ್ಬರಿಂದ ವಿಳಾಸ ಪಡೆದು ಟಾರ್ನೀಟ್ ಬಡಾವಣೆಯ ಆ ತಂಗಿಯ ಮನೆಗೆ ಹೋದೆ. ಕ್ಷಮೆ ಕೇಳುವುದಕ್ಕಲ್ಲ, ಸುಳ್ಳು ಯಾಕೆ ಹೇಳಲಿ. ಅವರು ಬೇಕೆಂದೇ ಮಾಡಿದ್ದು ಎಂದು ಅವರ ಬಾಯಲ್ಲಿ ಕೇಳಿದರೆ ನನ್ನ ಮನಸ್ಸಿಗೆ ನೆಮ್ಮದಿ ಸಿಗುತ್ತಿತ್ತು. ನನಗೆ ಬೇಕಿದ್ದದ್ದು ಅದು.

ಬಾಗಿಲು ಅವರೇ ತೆರೆದರು. ಅದೇ ಇಸ್ತ್ರಿ ಅಂಗಿ. ಮುಖ ವಾರೆ ಮಾಡಿ, "ಯಾರು?" ಎಂದರು. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ, ಹಗಲು ಬೆಳಕಿತ್ತು.

"ನಾನು ಸರ್. ಸಿಡ್ನಿ."

"ಓ, ತುಮಕೂರು" ಎಂದರು. "ಬನ್ನಿ. ತಂಗಿ ಕೆಲಸಕ್ಕೆ ಹೋಗಿದ್ದಾಳೆ. ಚಾ ನಾನೇ ಮಾಡ್ಬೇಕು."

ಚಹಾ ಸೋಸುವಾಗ ಅವರು ತೋರುಬೆರಳನ್ನು ಲೋಟದ ಅಂಚಿನಿಂದ ಒಳಗಿಟ್ಟುಕೊಂಡಿದ್ದರು. ಬಿಸಿ ಬೆರಳಿಗೆ ತಾಗಿದಾಗ ಸುರಿಯುವುದನ್ನು ನಿಲ್ಲಿಸಿದರು. ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ವಾರೆ ನೋಟ, ದಪ್ಪ ಪೆನ್ಸಿಲ್, ಇಲ್ಲದ ಕಾರು, ಬೇಗ ಬಿಟ್ಟ ನಕ್ಷೆಯ ಕೆಲಸ, ಸ್ಟೇಷನ್ನಿನ ಹೊರಗೆ ಜಂಭದಿಂದ ನಿಂತಂತಿದ್ದ ಆ ನಿಲುವು. ಕುರ್ಚಿ ಎಳೆದುಕೊಂಡು ಕೂತೆ.

"ಯಾವಾಗಿನಿಂದ ಸರ್?"

"ಎಂತ, ಕಣ್ಣಾ? ನೀವು ಬಾಕ್ಸಿಗೆ ಬರುವ ಮೊದಲೇ. ನಡುವೆ ಮಾತ್ರ ಹೋದದ್ದು. ಸುತ್ತ ಕಾಣ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಹಾಗೆ ಓರೆಯಲ್ಲಿ ನೋಡುವುದು. ಆ ಕೊನೆಯ ಸೀಸನ್ನಿಂದ ಇಲ್ಲಿ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೊಂದು ಇಂಜೆಕ್ಷನ್, ಕಣ್ಣಿಗೇ. ಸಿಡ್ನಿಯಲ್ಲಿ ಮಾಡಿಸಿದ್ರೆ ನಮ್ಮವರು ಯಾರಾದ್ರೂ ನೋಡಿ ಊರಿಗೆಲ್ಲ ಹೇಳ್ತಿದ್ರು. ಕುರ್ಚಿ ಹೋಗ್ತಿತ್ತು." ಸ್ವಲ್ಪ ನಕ್ಕರು. "ಹೋಯ್ತು ಹೇಗೂ."

"ಮತ್ತೆ ಆ ಮೆಲ್ಬರ್ನ್ ಹುಡುಗನ ಹತ್ರ ಬೇಲಿ ಪಕ್ಕ ಏನ್ ಮಾತಾಡ್ತಿದ್ರಿ?"

"ಅದನ್ನೂ ಬರೆದಿದ್ರಿ ಅಲ್ವಾ, ಇಮೇಲಿನಲ್ಲಿ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನನಗೆ ಓದಿ ಹೇಳಿದ್ರು. ಬರೆದವರ ಹೆಸರು ಹೇಳ್ಲಿಲ್ಲ, ಆದ್ರೆ ಬ್ಯಾಡ್ ಹಾಪ್ ಅಂತ ಬರೆದವರು ಯಾರು ಅಂತ ಗೊತ್ತಾಗುವುದಿಲ್ವಾ? ಆ ಹುಡುಗನ ಹತ್ರ ಕೇಳಿದ್ದು ಇಷ್ಟೇ. ನೀನು ಇಷ್ಟು ಒಳ್ಳೆ ಹೊಡೆಯುತ್ತಿ, ಚೆಂಡು ನಿನಗೆ ಹೇಗೆ ಕಾಣ್ತದೆ ಅಂತ. ಅವನು ಹೇಳಿದ, ಅರ್ಧ ದಾರಿವರೆಗೆ ಕಾಣ್ತದೆ, ಕೊನೆಗೆ ಬ್ಯಾಟಿನ ಹತ್ತಿರ ಬಂದದ್ದು ಯಾರಿಗೂ ಕಾಣುವುದಿಲ್ಲ, ಅಲ್ಲಿ ಅಂದಾಜು ಅಂತ. ನನಗೆ ಅವತ್ತು ಬಹಳ ಸಮಾಧಾನ ಆಯ್ತು."

ನಾನು ಚಹಾ ಲೋಟ ಹಿಡಿದು ಕೂತೆ. ಅವರೇ ಮುಂದುವರಿಸಿದರು.

"ನೀವು ಬಂದದ್ದು ಒಳ್ಳೇದಾಯ್ತು. ನನಗೂ ಒಂದು ವಿಷಯ ಕೇಳ್ಲಿಕ್ಕೆ ಉಂಟು. ನಿಮ್ಮನ್ನು ಬಿಟ್ರೆ ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ಅವತ್ತು ಎಂತ ಕಂಡಿತು ಅಂತ ಕೇಳಿದೆ. ನೀವು ಹೇಳಿದ್ರಿ, ನೇರ ಕೈಗೇ ಬಂದಿತ್ತು, ಬಿಟ್ಬಿಟ್ಟ ಅಂತ. ನಾನು ಎರರ್ ಅಂದೆ. ಅರ್ಧ ಗಂಟೆಯಲ್ಲಿ ನೀವೇ ಲ್ಯಾಪ್‌ಟಾಪ್ ತಂದು ಬ್ಯಾಡ್ ಹಾಪ್ ಅಂದ್ರಿ. ಮರುದಿನ ದೂರು. ಮತ್ತೆ ಕುರ್ಚಿಯಲ್ಲಿ ನೀವು ಕೂತದ್ದು ಗೊತ್ತಾಯ್ತು." ಅವರ ಮುಖ ನನ್ನ ಭುಜದ ಕಡೆಗಿತ್ತು. ಅಂದರೆ ನನ್ನನ್ನೇ ನೋಡುತ್ತಿದ್ದರು. "ನಾನು ಅಂದುಕೊಂಡೆ, ನನಗೆ ಕಾಣುವುದಿಲ್ಲ ಅಂತ ಇವರಿಗೆ ಗೊತ್ತಾಗಿದೆ. ಬೇಕೂಂತಲೇ ತಪ್ಪು ಹೇಳಿ ಸಿಕ್ಕಿಸಿದ್ರು. ಇಷ್ಟು ವರ್ಷ ಅದೇ ತಲೆಯಲ್ಲಿ. ಬೇಕೂಂತ ಹೇಳಿದ್ದಾ?"

ಅವರ ಬಗ್ಗೆ ನಾನು ಕಟ್ಟಿದ್ದ ಸಂಶಯಕ್ಕಿಂತ ಅವರು ನನ್ನ ಬಗ್ಗೆ ಕಟ್ಟಿದ್ದು ಗಟ್ಟಿಯಾಗಿತ್ತು. ಪುರಾವೆಗಳು ಎಲ್ಲಾ ಸರಿಯಾಗಿದ್ದವು. ನಾನಾಗಿದ್ದರೂ ಅದನ್ನೇ ನಂಬುತ್ತಿದ್ದೆ. ಮತ್ತು ಅವರು ಅದನ್ನು ಬಾಯಿಬಿಟ್ಟು ಹೇಳಿದ ಕ್ಷಣದಲ್ಲಿ ನನಗೂ ಆ ಮಾತು ನೆನಪಾಯಿತು. ಕೀಬೋರ್ಡ್ ಕುಟ್ಟುತ್ತಾ, ಬದಲಿ ಆಟಗಾರನ ಹೆಸರಿನ ಅಕ್ಷರಗಳನ್ನು ಹುಡುಕುತ್ತಾ, ಅವರ ಪ್ರಶ್ನೆಯಿಂದ ಬೇಗ ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು.

"ಬೇಕೂಂತ ಅಲ್ಲ ಸರ್. ನಾನು ನೋಡಿರ್ಲೇ ಇಲ್ಲ."

"ನೋಡಿರ್ಲಿಲ್ಲ?"

"ಟೈಪ್ ಮಾಡ್ತಾ ಇದ್ದೆ. ತಲೆ ಎತ್ತೋ ಹೊತ್ಗೆ ಬಾಲ್ ಕೆಳಗೆ ಬಿದ್ದಿತ್ತು. ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ. ನನ್ ಮಾತು ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ನಿಮ್ ತೀರ್ಪೆಲ್ಲಾ ನಿಮ್ದೇ ಅಂತ ಅಂದ್ಕೊಂಡಿದ್ದೆ."

ಅಳಬೇಕೆನ್ನಿಸಿತು, ಆದರೆ ಅಲ್ಲಿ ಅಳುವ ಹಕ್ಕು ನನಗಿರಲಿಲ್ಲ. ಹೊರಗೆ ಯಾರೋ ಡಸ್ಟ್‌ಬಿನ್ ಎಳೆದುಕೊಂಡು ಹೋದ ಸದ್ದಾಯಿತು.

"ಆಗ್ಲೇ ಹೇಳ್ಬಹುದಿತ್ತಲ್ಲ ಸರ್ ಅವ್ರಿಗೆ, ನಾನೇ ಹೇಳಿದ್ದು ಅಂತ" ಎಂದೆ.

"ಹೇಳ್ಬೇಕಾದ್ರೆ ನನಗೆ ಕಾಣುವುದಿಲ್ಲ ಅಂತಲೂ ಹೇಳ್ಬೇಕಿತ್ತು. ಕಳ್ಳ ಅಂತ ಅನ್ನಿಸಿಕೊಳ್ಳುವುದು ಅದಕ್ಕಿಂತ ಸುಲಭ ಅಂತ ಕಂಡಿತು ಆಗ. ಈಗ ಹಾಗೆ ಅನ್ನಿಸುವುದಿಲ್ಲ." ಎದ್ದು ಒಳಗೆ ಹೋದರು. ಗೋಡೆಯ ಕಪಾಟಿನಲ್ಲಿ ತಡಕಾಡಿ ಒಂದು ಸ್ಕೋರ್ ಪುಸ್ತಕ ತಂದರು. ಮೂಲೆ ಮಡಿಸಿದ್ದ ಪುಟವನ್ನು ಬೆರಳಿನಿಂದಲೇ ಹುಡುಕಿ ತೆಗೆದು ನನ್ನ ಮುಂದಿಟ್ಟರು. ಜೇಬಿನಿಂದ ಬಡಗಿಯ ಪೆನ್ಸಿಲೂ ಒಂದು ರಬ್ಬರೂ ಬಂತು.

"ವಿಡಿಯೋ ಸರಿಯಾಗಿ ನೋಡಿದ್ದೀರಲ್ಲ, ಅದನ್ನಾದ್ರೂ?"

"ಹತ್ತಿಪ್ಪತ್ತು ಸಲ."

"ಹಿಟ್ಟಾ?"

"ಹಿಟ್."

"ಹಾಗಾದ್ರೆ ಉಜ್ಜಿ. ಹಿಟ್ ಅಂತ ಬರೀರಿ."

"ಲೀಗಿನ ಪಟ್ಟಿ ಬದಲಾಗಲ್ಲ ಸರ್."

"ಅದು ಅವರ ಪಟ್ಟಿ. ಇದು ನನ್ನ ಪುಸ್ತಕ."

ಚೌಕದಲ್ಲಿ ಆ ಕಪ್ಪು 'ಇ5' ಹಾಗೇ ಇತ್ತು. ಉಜ್ಜಿದೆ. ಪೆನ್ಸಿಲನ್ನು ಒತ್ತಿ ಬರೆದಿದ್ದರಿಂದ ಬಣ್ಣ ಹೋದರೂ ಕಾಗದದ ಮೇಲೆ ಅಚ್ಚು ಉಳಿಯಿತು. ಅದರ ಮೇಲೆಯೇ, ಸ್ಕೋರರುಗಳು ಹಿಟ್‌ಗೆ ಎಳೆಯುವ ದಪ್ಪ ಗೆರೆ ಎಳೆದೆ. ಆ ಪುಸ್ತಕದ ಲೆಕ್ಕದಲ್ಲಿ ಆ ಸೀಸನ್ನಿನ ಮೊದಲಿಗ ನಮ್ಮ ಛಾವಣಿಯ ಹುಡುಗ. ಅದು ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

"ಆಯ್ತಾ?" ಎಂದರು.

"ಆಯ್ತು ಸರ್."

ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಯಿತು ಎಂದ ನನ್ನ ಮಾತನ್ನು ನಂಬಿ ಮುಚ್ಚಿಡಲಿಲ್ಲ. ಹೆಬ್ಬೆರಳನ್ನು ಸಾಲುಗಳ ಮೇಲೆ ಒಂದೊಂದಾಗಿ ಇಳಿಸುತ್ತಾ ಬಂದು, ಆ ಚೌಕ ಸಿಕ್ಕಿದಾಗ ನಿಲ್ಲಿಸಿ, ರಬ್ಬರು ಉಜ್ಜಿ ಒರಟಾಗಿದ್ದ ಕಾಗದವನ್ನು ಮೂರು ಸಲ ಸವರಿ ನೋಡಿದರು. ಆಮೇಲೆ ಪುಸ್ತಕ ಮುಚ್ಚಿದರು.